ಅಕ್ಕ ಕಾಲೇಜು ಬಿಟ್ಟಿದ್ದು ಯಾಕೆ?

ಜೇವರ್ಗಿಯಿಂದ ಕಲಬುರಗಿಗೆ ಸುಮಾರು ನಲವತ್ತು ಕಿಲೋಮೀಟರ್. ಬೆಳಿಗ್ಗೆ ಏಳೂವರೆಯ ಬಸ್ಸು ಹಿಡಿದರೆ ಕಟ್ಟಿಸಂಗಾವಿ ಹತ್ತಿರ ಭೀಮಾ ನದಿ ದಾಟಿ, ಫರಹತಾಬಾದ್ ಮೇಲೆ ಹಾದು, ಒಂಬತ್ತರ ಕ್ಲಾಸಿಗೆ ಮುಟ್ಟಬಹುದು. ಮೆಕ್ಯಾನಿಕಲ್ ಬಿಇ ಸೇರಿದಾಗಿನಿಂದ ನನ್ನ ದಿನ ಶುರುವಾಗುವುದು ಈ ಬಸ್ಸಿನ ಹಿಂದಿನ ಸೀಟಿನಲ್ಲೇ. ಹಿಂದಿನ ಸೀಟೆಂದರೆ ಹುಡುಗರ ಸೀಟು. ಅಲ್ಲಿ ಪಾಠದ ಮಾತು ಪರೀಕ್ಷೆಯ ವಾರ ಮಾತ್ರ. ಉಳಿದ ದಿನ ಕ್ರಿಕೆಟ್, ಸಿನಿಮಾ, ಹುಡುಗಿಯರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲಂತೂ ‘ನಮ್ಮ ಪಾಸಿನ ರೊಕ್ಕದಾಗ ಅವರು ಅಡ್ಡಾಡ್ತಾರ’ ಅನ್ನುವುದು ದಿನಾ ಒಮ್ಮೆ ಬರುವ ಜೋಕು. ನಾನೂ ನಗುತ್ತಿದ್ದೆ.

ನಾಲ್ಕನೇ ಸೆಮಿಸ್ಟರ್‌ನಲ್ಲಿ ನನ್ನ ಗೆಳೆಯನೊಬ್ಬನಿಗೆ ಅದೇ ಬಸ್ಸಿನಲ್ಲಿ ಬರುತ್ತಿದ್ದ ಡಿಗ್ರಿ ಹುಡುಗಿಯೊಬ್ಬಳ ಮೇಲೆ ಮನಸ್ಸಾಯಿತು. ಅವಳ ಜೊತೆ ಒಂದು ಮಾತೂ ಆಡಿರಲಿಲ್ಲ. ಆದರೂ ಅದು ‘ಲವ್’ ಎಂದು ನಾವೆಲ್ಲ ಸೇರಿ ತೀರ್ಮಾನಿಸಿದೆವು. ನಾನು ಅವನ ಸಹಾಯಕ. ಅವಳು ಯಾವ ಕಾಲೇಜು, ವಾಪಸ್ ಎಷ್ಟು ಗಂಟೆಯ ಬಸ್ಸು, ಇನ್‌ಸ್ಟಾಗ್ರಾಂನಲ್ಲಿ ಯಾವ ಹೆಸರಲ್ಲಿದ್ದಾಳೆ, ಎಲ್ಲ ಪತ್ತೆ ಮಾಡಿದವನು ನಾನೇ. ಒಮ್ಮೆ ಬಸ್‌ ನಿಲ್ದಾಣದಲ್ಲಿ ಅವನು ಮಾತಾಡಿಸಿದಾಗ ಅವಳು ಸ್ಪಷ್ಟವಾಗಿಯೇ ಹೇಳಿದಳು: ‘ನನಗ ಇದೆಲ್ಲ ಬ್ಯಾಡ.’ ಅವನು ಮುಖ ಸಣ್ಣದು ಮಾಡಿಕೊಂಡು ಬಂದ. ನಾನೇ ಸಮಾಧಾನ ಹೇಳಿದೆ: ‘ಬ್ಯಾಕ್‌ಲಾಗ್ ಇದ್ದಂಗಪಾ ಇದು. ಇನ್ನೊಮ್ಮೆ ಕಟ್ಟಿದ್ರ ಪಾಸಾಗ್ತದ.’

ಎಲ್ಲರೂ ಬಿದ್ದು ಬಿದ್ದು ನಕ್ಕೆವು. ಮೂರು ವಾರದ ನಂತರ ಅವಳು ಆ ಬಸ್ಸಿನಲ್ಲಿ ಕಾಣಿಸಲಿಲ್ಲ. ‘ಭಾಳ ಧಿಮಾಕು’ ಎಂದು ಗೆಳೆಯ ಬೈದ. ಅಲ್ಲಿಗೆ ಕತೆ ಮುಗಿಯಿತು ಅಂದುಕೊಂಡೆವು.

ಮೊದಲು ಓದಿದ ಪುಸ್ತಕ

ಗಂಡು ಹೆಣ್ಣಿನ ಸಂಬಂಧದ ಬಗ್ಗೆ ನಾನು ಆಗ ಏನೂ ಓದಿರಲಿಲ್ಲ ಎನ್ನುವಂತಿಲ್ಲ. ಓದಿದ್ದೆ. ಟೆಲಿಗ್ರಾಂನಲ್ಲಿ ಸಿಕ್ಕ ಒಂದು ಇಂಗ್ಲಿಷ್ ಪಿಡಿಎಫ್. ಹುಡುಗಿಯರನ್ನು ಒಲಿಸಿಕೊಳ್ಳುವುದು ಹೇಗೆ ಎಂಬುದೇ ಅದರ ವಿಷಯ. ಭಾವನೆ ತೋರಿಸಬೇಡ, ಮೊದಲು ನೀನೇ ಮೆಸೇಜ್ ಮಾಡಬೇಡ, ಅವಳು ‘ಬೇಡ’ ಅಂದರೆ ನಿನ್ನನ್ನು ಪರೀಕ್ಷಿಸುತ್ತಿದ್ದಾಳೆ ಎಂದು ತಿಳಿ. ಹೀಗೆ ಥರ್ಮೋಡೈನಾಮಿಕ್ಸ್‌ನ ನಿಯಮಗಳಂತೆ ಒಂದೊಂದೇ ನಿಯಮ. ಅದರ ಜೊತೆಗೆ ‘ಆಲ್ಫಾ’, ‘ಸಿಗ್ಮಾ’ ಎಂದು ಗಂಡಸರನ್ನು ದರ್ಜೆಗಳಾಗಿ ವಿಂಗಡಿಸುವ ರೀಲ್ಸ್. ರಾತ್ರಿ ಹನ್ನೊಂದರವರೆಗೆ ಅವನ್ನೇ ನೋಡುತ್ತಿದ್ದೆ.

ಯಾಕೆ ನೋಡುತ್ತಿದ್ದೆವು ಎಂದು ಈಗ ಯೋಚಿಸಿದರೆ ನಮ್ಮ ಮೇಲೆ ಕನಿಕರವೂ ಬರುತ್ತದೆ. ನಮ್ಮ ವಿಭಾಗದಲ್ಲಿ ಅರವತ್ತು ಮಂದಿಗೆ ಹುಡುಗಿಯರು ನಾಲ್ವರು. ಶಾಲೆಯಲ್ಲಿ ಬೆಂಚು ಬೇರೆ, ಸಾಲು ಬೇರೆ. ಒಬ್ಬ ಹುಡುಗಿಯ ಜೊತೆ ಎರಡು ಮಾತಾಡಿದರೆ ಮರುದಿನ ಗೋಡೆಯ ಮೇಲೆ ಇಬ್ಬರ ಹೆಸರು. ಮನೆಯಲ್ಲಿ ಅಪ್ಪ ಅವ್ವ ನಮ್ಮ ಮುಂದೆ ಮಾತಾಡುವುದು ರೊಕ್ಕದ ಬಗ್ಗೆ, ಹೊಲದ ಬಗ್ಗೆ. ಸಿನಿಮಾದಲ್ಲಿ ನಾಯಕ ಎರಡೂವರೆ ಗಂಟೆ ಹಿಂದೆ ಬಿದ್ದರೆ ಕೊನೆಗೆ ಅವಳು ಒಪ್ಪುತ್ತಾಳೆ. ಇದರ ಮೇಲೆ ಊರಿನ ಹಿರಿಯರ ಮಾತು: ‘ನೌಕರಿ ಇಲ್ಲದವಗ ಹೆಣ್ಣು ಯಾರು ಕೊಡ್ತಾರ?’ ಇಪ್ಪತ್ತರ ಹುಡುಗನ ಹೊಟ್ಟೆಯಲ್ಲಿ ಕೂತಿರುವ ಈ ಭಯವೇ ಆ ರೀಲ್ಸ್ ಮಾಡುವವರ ಬಂಡವಾಳ. ನಮಗೆ ಕಲಿಸಬೇಕಾದವರು ಯಾರೂ ಬಾಯಿ ಬಿಡದಿದ್ದಾಗ ಅವರು ಬಂದು ಕಲಿಸಿದರು.

ಪಂಚಮಿಯ ದಿನ

ಕಳೆದ ವರ್ಷ ನಾಗರಪಂಚಮಿಗೆ ಅಕ್ಕ ತವರಿಗೆ ಬಂದಿದ್ದಳು. ನನಗಿಂತ ಐದು ವರ್ಷ ದೊಡ್ಡವಳು. ಬಿಎಸ್ಸಿ ಎರಡನೇ ವರ್ಷದಲ್ಲೇ ಕಾಲೇಜು ಬಿಟ್ಟಳು, ಅದೇ ವರ್ಷ ಮದುವೆಯಾಯಿತು. ‘ಗಣಿತ ತಿಳಿವಲ್ದು’ ಅಂದಿದ್ದಳಂತೆ. ನಾನಾಗ ಹೈಸ್ಕೂಲು. ‘ಫೇಲ್ ಆಗ್ತೀನಂತ ಅಂಜಿ ಓಡಿ ಬಂದ್ಲು’ ಎಂದು ಅವಳನ್ನು ಕಾಡಿಸಿದ್ದು ನೆನಪಿದೆ.

ಅಂದು ಮಧ್ಯಾಹ್ನ ಅವಳು ಶೇಂಗಾ ಉಂಡಿ ಕಟ್ಟುತ್ತಿದ್ದಳು. ನಾನು ಪಕ್ಕದಲ್ಲಿ ಕುಳಿತು ಅಳ್ಳು ತಿನ್ನುತ್ತಾ ಬಸ್ಸಿನ ಕತೆ ಹೇಳಿದೆ. ಬ್ಯಾಕ್‌ಲಾಗ್ ಜೋಕನ್ನೂ ಹೇಳಿದೆ. ಅವಳು ನಗಲಿಲ್ಲ.

‘ಅಕಿ ಈಗ ಯಾವ ಬಸ್ಸಿಗಿ ಹೋಗ್ತಾಳ?’

‘ಗೊತ್ತಿಲ್ಲ.’

‘ಕಾಲೇಜಿಗಿ ಹೋಗ್ತಾಳೋ ಇಲ್ಲೋ, ಅದಾದ್ರೂ ಗೊತ್ತದನು?’

ನನ್ನಲ್ಲಿ ಉತ್ತರ ಇರಲಿಲ್ಲ. ಅಕ್ಕ ಉಂಡಿ ಕಟ್ಟುತ್ತಲೇ ಹೇಳಿದಳು. ಅವಳ ಬಸ್ಸಿನಲ್ಲೂ ಒಬ್ಬ ಇದ್ದ. ಮೂರು ತಿಂಗಳು. ಮೈ ಮುಟ್ಟಲಿಲ್ಲ, ಕೆಟ್ಟ ಮಾತಾಡಲಿಲ್ಲ. ಬರೀ ಹಿಂದೆ ಬರುತ್ತಿದ್ದ. ಅವಳು ಬಸ್ಸು ಬದಲಿಸಿದರೆ ಅವನೂ ಬದಲಿಸಿದ. ಅವನ ಗೆಳೆಯರು ಇವಳನ್ನು ಕಂಡರೆ ಅವನ ಹೆಸರು ಹಿಡಿದು ಕೂಗುತ್ತಿದ್ದರು. ಬಸ್ಸಿನಲ್ಲಿ ನಮ್ಮ ಊರಿನವರೂ ಇರುತ್ತಿದ್ದರು. ಇಂದಲ್ಲ ನಾಳೆ ಅಪ್ಪನ ಕಿವಿಗೆ ಬೀಳುತ್ತದೆ ಎಂಬ ಹೆದರಿಕೆ.

‘ಮನ್ಯಾಗ ಯಾಕ ಹೇಳಲಿಲ್ಲ?’ ಎಂದೆ.

‘ಹೇಳಿದ್ರ ಅವನಿಗಿ ಯಾರೂ ಏನೂ ಅಂತಿರಲಿಲ್ಲ ತಮ್ಮಾ. ನನಗ ಕಾಲೇಜ್ ಬಿಡಸ್ತಿದ್ರು. ಅವರು ಬಿಡಸೋಕಿಂತ ಮೊದಲ ನಾನೇ ಬಿಟ್ಟೆ. ಮರ್ಯಾದಿನರ ಉಳೀತು.’

ಅಕ್ಕನಿಗೆ ಹತ್ತನೇ ತರಗತಿಯಲ್ಲಿ ಗಣಿತದಲ್ಲಿ ತೊಂಬತ್ತಾರು ಬಂದಿತ್ತು. ‘ಗಣಿತ ತಿಳಿಯುವುದಿಲ್ಲ’ ಎಂದಾಗ ಮನೆಯಲ್ಲಿ ಒಬ್ಬರಿಗೂ ಅನುಮಾನ ಬರಲಿಲ್ಲ.

ನಾನು ಕೇಳಿದ ಕೊನೆಯ ಪ್ರಶ್ನೆ: ‘ಅವ ಭಾಳ ಕೆಟ್ಟವ ಇದ್ದನೇನು?’

‘ಇಲ್ಲೋ,’ ಅಂದಳು. ‘ನಿಮ್ಮಂಗೇ ಇದ್ದ.’

ಟ್ರಂಕಿನಲ್ಲಿದ್ದ ಕಾದಂಬರಿ

ಅಕ್ಕ ಗಂಡನ ಮನೆಗೆ ಹೋದ ಮೇಲೆ ಅವಳ ಹಳೆಯ ಟ್ರಂಕು ತೆಗೆದೆ. ಫಿಸಿಕ್ಸ್ ಪ್ರಾಕ್ಟಿಕಲ್ ರೆಕಾರ್ಡು, ಕಾಲೇಜಿನ ಐಡಿ ಕಾರ್ಡು, ಅವುಗಳ ಕೆಳಗೆ ಗೀತಾ ನಾಗಭೂಷಣ ಅವರ ‘ಬದುಕು’. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಕಾದಂಬರಿ. ಈ ಪ್ರಶಸ್ತಿ ಪಡೆದ ಕನ್ನಡದ ಮೊದಲ ಲೇಖಕಿ ನಮ್ಮದೇ ಜಿಲ್ಲೆಯ ಸಾವಳಗಿಯವರು ಎಂಬುದು ಜನರಲ್ ನಾಲೆಡ್ಜ್ ಪ್ರಶ್ನೆಯಾಗಿ ನನಗೆ ಗೊತ್ತಿತ್ತು. ಪುಸ್ತಕ ಮನೆಯಲ್ಲೇ ಇದೆ ಎಂಬುದು ಗೊತ್ತಿರಲಿಲ್ಲ.

ಓದಲು ಶುರು ಮಾಡಿದಾಗ ಮೊದಲು ಬೆರಗಾಗಿದ್ದು ಭಾಷೆಗೆ. ನಮ್ಮ ಅವ್ವ, ದೊಡ್ಡವ್ವ ಮಾತಾಡುವ ಹಾಗೆಯೇ ಅಲ್ಲಿ ಜನ ಮಾತಾಡುತ್ತಾರೆ. ಬಡವರ ಓಣಿಯ ಹೆಂಗಸರು ದುಡಿಯುತ್ತಾರೆ, ಬೈಯುತ್ತಾರೆ, ಅಳುತ್ತಾರೆ, ಮತ್ತೆ ದುಡಿಯುತ್ತಾರೆ. ಅವರಲ್ಲಿ ಯಾರೂ ‘ಒಲಿಸಿಕೊಳ್ಳಬೇಕಾದ’ ಹುಡುಗಿಯರಲ್ಲ. ಅವರವರ ತಲೆಯಲ್ಲಿ ಅವರವರದೇ ಲೆಕ್ಕ, ಅವರವರದೇ ಆಸೆ. ಪಿಡಿಎಫ್ ಓದುವಾಗ ಹುಡುಗಿ ಎಂದರೆ ಬಿಡಿಸಬೇಕಾದ ಒಂದು ಪ್ರಾಬ್ಲಂ ಆಗಿತ್ತು. ಇಲ್ಲಿ ಅವಳೇ ಲೆಕ್ಕ ಹಾಕುತ್ತಿದ್ದಳು.

ಅಲ್ಲಿಂದ ಒಂದೊಂದೇ ಪುಸ್ತಕ. ಅಮೆರಿಕದ ಬೆಲ್ ಹುಕ್ಸ್ ಬರೆದು, ಎಚ್.ಎಸ್. ಶ್ರೀಮತಿ ಅವರು ಕನ್ನಡಕ್ಕೆ ತಂದ ‘ಎಲ್ಲರಿಗಾಗಿ ಸ್ತ್ರೀವಾದ’ ಓದಿದೆ. ಸ್ತ್ರೀವಾದ ಅಂದರೆ ಗಂಡಸರನ್ನು ಬೈಯುವುದು ಎಂದುಕೊಂಡಿದ್ದ ನನಗೆ, ಗಂಡಸರೂ ಅದರಲ್ಲಿ ಪಾಲುದಾರರಾಗಬೇಕು ಎಂದು ವಾದಿಸುವ ಪುಸ್ತಕ ಹೊಸದಾಗಿ ಕಂಡಿತು. ಹೆಂಗಸರೂ ಹೆಂಗಸರನ್ನು ತುಳಿಯಬಲ್ಲರು ಎಂದೂ ಅದು ಹೇಳುತ್ತದೆ. ನೈಜೀರಿಯಾದ ಚಿಮಮಾಂಡ ಅಡಿಚಿ ಅವರ ಸ್ತ್ರೀವಾದದ ಕುರಿತ ಪುಟ್ಟ ಪುಸ್ತಕವನ್ನು 2015ರಲ್ಲಿ ಸ್ವೀಡನ್‌ನ ಹದಿನಾರು ವರ್ಷದ ಎಲ್ಲ ವಿದ್ಯಾರ್ಥಿಗಳಿಗೂ ಹಂಚಿದ್ದರಂತೆ. ನನ್ನ ಹದಿನಾರನೇ ವಯಸ್ಸಿನಲ್ಲಿ ನನ್ನ ಕೈಗೆ ಬಂದದ್ದು ಏನು ಎಂದು ಆಗಲೇ ಹೇಳಿದ್ದೇನೆ. ಹಾಗೆಂದು ನಮ್ಮಲ್ಲಿ ಯಾರೂ ಹೇಳಿರಲಿಲ್ಲ ಎನ್ನುವಂತೆಯೂ ಇಲ್ಲ. ಸುರಪುರ ಸೀಮೆಯ ಮುದನೂರಿನ ದೇವರ ದಾಸಿಮಯ್ಯ ಬಸವಣ್ಣನಿಗೂ ಮೊದಲೇ ಹೇಳಿದ್ದ: ಮೈಮೇಲಿನ ಗುರುತು ನೋಡಿ ಗಂಡು, ಹೆಣ್ಣು ಅನ್ನುತ್ತೇವೆ, ಒಳಗಿರುವುದಕ್ಕೆ ಆ ಭೇದವಿಲ್ಲ. ಆ ವಚನವನ್ನು ನಾನು ಅಂಕಕ್ಕಾಗಿ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಮರೆತಿದ್ದೆ.

ಅವ್ವನ ಟೈಮ್ ಸ್ಟಡಿ

ನಮ್ಮ ವಿಷಯದಲ್ಲಿ ‘ವರ್ಕ್ ಸ್ಟಡಿ’ ಎಂಬ ಪಾಠ ಬರುತ್ತದೆ. ಕಾರ್ಖಾನೆಯ ಕೆಲಸಗಾರ ಯಾವ ಕೆಲಸಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾನೆ ಎಂದು ಗಡಿಯಾರ ಹಿಡಿದು ಅಳೆಯುವುದು. ಅದರಲ್ಲಿ ಗಿಲ್‌ಬ್ರೆತ್ ದಂಪತಿಯ ಹೆಸರಿದೆ. ನಾವು ಬರೆಯುವಾಗ ಫ್ರ್ಯಾಂಕ್ ಗಿಲ್‌ಬ್ರೆತ್ ಎಂದಷ್ಟೇ ಬರೆದು ಮುಂದೆ ಹೋಗುತ್ತೇವೆ. ಆದರೆ 1924ರಲ್ಲಿ ಆತ ತೀರಿಕೊಂಡ ಮೇಲೂ ಆ ಕೆಲಸ ಮುಂದುವರಿಸಿದವರು ಪತ್ನಿ ಲಿಲಿಯನ್. ಹನ್ನೆರಡು ಮಕ್ಕಳ ತಾಯಿ. ಕಾರ್ಖಾನೆಗೆ ಹಾಕಿದ ಲೆಕ್ಕವನ್ನೇ ಅಡುಗೆಮನೆಗೂ ಹಾಕಿದ ಎಂಜಿನಿಯರ್. 1965ರಲ್ಲಿ ಅಮೆರಿಕದ ರಾಷ್ಟ್ರೀಯ ಎಂಜಿನಿಯರಿಂಗ್ ಅಕಾಡೆಮಿಗೆ ಆಯ್ಕೆಯಾದ ಮೊದಲ ಮಹಿಳೆ.

ಒಂದು ಭಾನುವಾರ ನಾನೂ ಮೊಬೈಲಿನ ಸ್ಟಾಪ್‌ವಾಚ್ ಹಿಡಿದು ಕೂತೆ. ಅವ್ವ ಏಳುವುದು ಐದಕ್ಕೆ. ಕಸ, ನೀರು, ಎಮ್ಮೆಯ ಹೆಂಡಿ, ರೊಟ್ಟಿ, ಪಲ್ಯ, ಬಟ್ಟೆ, ಪಾತ್ರೆ, ಸಂಜೆ ಮತ್ತೆ ರೊಟ್ಟಿ. ರಾತ್ರಿ ಲೆಕ್ಕ ಹಾಕಿದಾಗ ಏಳು ಗಂಟೆ ಹತ್ತು ನಿಮಿಷ. ಅದು ಹೊಲಕ್ಕೆ ಹೋಗದ ದಿನ. ನನ್ನದು ಹನ್ನೆರಡು ನಿಮಿಷ, ಅದೂ ಎರಡು ಕೊಡ ನೀರು ಹಿಡಿದದ್ದು. ಅಪ್ಪನದು ಸೊನ್ನೆ. ಕೇಂದ್ರ ಸರ್ಕಾರದ 2019ರ ಸಮಯ ಬಳಕೆ ಸಮೀಕ್ಷೆ ನೋಡಿದೆ. ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಹೆಂಗಸರು ಅದಕ್ಕೆ ಕೊಡುವುದು ದಿನಕ್ಕೆ ಸರಾಸರಿ 299 ನಿಮಿಷ, ಗಂಡಸರು 97 ನಿಮಿಷ. ಅಂಥ ಕೆಲಸಕ್ಕೆ ಕೈ ಹಾಕುವ ಗಂಡಸರೇ ನೂರಕ್ಕೆ 26. ಹೆಂಗಸರಲ್ಲಿ ನೂರಕ್ಕೆ 81. ನಮ್ಮ ಮನೆ ದೇಶದ ಸರಾಸರಿಗಿಂತಲೂ ಕೆಳಗಿತ್ತು.

ಲೆಕ್ಕವನ್ನು ಅವ್ವನಿಗೆ ತೋರಿಸಿದೆ. ಅವ್ವ ನೋಡಿ, ‘ಎಣಿಸ್ತಾ ಕುಂದರಬ್ಯಾಡ, ಬಂದು ರೊಟ್ಟಿ ಬಡಿ’ ಅಂದಳು. ಮೊದಲ ರೊಟ್ಟಿ ಹಂಚಿಗೆ ಹಾಕುವ ಮುಂಚೆಯೇ ಮೂರು ತುಂಡಾಯಿತು. ಅಪ್ಪ ಬಾಗಿಲಲ್ಲಿ ನಿಂತು, ‘ಇದನ್ನ ಕಲೀಲಾಕ ನಿಂಗ ಬಿಇಗಿ ಹಾಕೀನೇನು?’ ಎಂದ. ಎರಡು ತಿಂಗಳಾದ ಮೇಲೆ ನನ್ನ ರೊಟ್ಟಿ ದುಂಡಗಾಗತೊಡಗಿತು. ಅಪ್ಪ ಈಗ ಅದನ್ನೇ ತಿನ್ನುತ್ತಾನೆ, ಏನೂ ಹೇಳುವುದಿಲ್ಲ.

ಅಪ್ಪನ ಈ ಮೌನದ ಬಗ್ಗೆಯೂ ಪುಸ್ತಕಗಳೇ ಯೋಚಿಸುವಂತೆ ಮಾಡಿದವು. ನಾನು ಪಿಯುಸಿಯಲ್ಲಿದ್ದಾಗ ನೆಟೆ ರೋಗ ಬಂದು ತೊಗರಿ ನಿಂತಲ್ಲೇ ಒಣಗಿತ್ತು. ಅವ್ವ ಎಲ್ಲರೆದುರು ಅತ್ತಳು, ತಂಗಿಗೆ ಫೋನ್ ಮಾಡಿ ಅತ್ತಳು, ಮರುದಿನ ಎದ್ದು ರೊಟ್ಟಿ ಬಡಿದಳು. ಅಪ್ಪ ಯಾರ ಜೊತೆಗೂ ಮಾತಾಡದೆ ರಾತ್ರಿಯೆಲ್ಲ ಕೊಟ್ಟಿಗೆಯಲ್ಲಿ ಕೂತಿರುತ್ತಿದ್ದ. ಗಂಡುಮಗ ಅಳಬಾರದು ಎಂದು ನನಗೆ ಹೇಳಿಕೊಟ್ಟವನೂ ಅವನೇ, ಅವನಿಗೆ ಹೇಳಿಕೊಟ್ಟವನು ಅವನಪ್ಪ. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ಪ್ರಕಾರ 2022ರಲ್ಲಿ ದೇಶದಲ್ಲಿ ಆತ್ಮಹತ್ಯೆಯಿಂದ ಸತ್ತವರು 1,70,924 ಮಂದಿ. ಅವರಲ್ಲಿ 1,22,724 ಗಂಡಸರು. ಸಾಲ, ಕಾಯಿಲೆ, ಮನೆಯ ತಾಪತ್ರಯ, ಕಾರಣ ನೂರಿರಬಹುದು. ಆದರೆ ಹೆದರಿಕೆಯಾದಾಗ ‘ಹೆದರಿಕೆ ಆಗ್ಲತ್ತದ’ ಎಂದು ಹೇಳಲು ಬಾಯಿ ಬಾರದವನ ಕಷ್ಟ ಎರಡು ಪಟ್ಟಾಗುತ್ತದೆ. (ಹೇಳಿಕೊಳ್ಳಲು ಯಾರೂ ಇಲ್ಲ ಅನಿಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡಬಹುದು, ದುಡ್ಡಿಲ್ಲ.)

ಒಂದು ರಾತ್ರಿ ಧೈರ್ಯ ಮಾಡಿ ಕೇಳಿದೆ: ‘ಅಪ್ಪಾ, ಆ ವರ್ಷ ಅಂಜಿಕಿ ಬಂದಿತ್ತೇನು?’ ಅಪ್ಪ ತುಂಬ ಹೊತ್ತು ಸುಮ್ಮನಿದ್ದು ‘ಬಂದಿತ್ತು’ ಎಂದ. ಎದ್ದು ಹೋಗಿ ಮಲಗಿದ. ನಮ್ಮಿಬ್ಬರ ನಡುವೆ ಅಷ್ಟು ದೊಡ್ಡ ಮಾತು ಅದೇ ಮೊದಲು.

ಓದಿದವನ ಜಂಭ

ಇಷ್ಟು ಓದಿದ ಮೇಲೆ ನಾನು ಸುಮ್ಮನಿರಲಿಲ್ಲ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಬಂದಾಗ ಪುಸ್ತಕ ಮುಟ್ಟದೆಯೇ ಸ್ಟೇಟಸ್ ಹಾಕಿದ್ದವನು ನಾನು. ಈಗ ಓದಿದ್ದೇನೆ ಎಂಬ ಜಂಭ ಬೇರೆ. ಕ್ಯಾಂಟೀನಿನಲ್ಲಿ ‘ಪಿತೃಪ್ರಭುತ್ವ’, ‘ಲಿಂಗತ್ವ’ ಎಂದು ಭಾಷಣ ಶುರು ಮಾಡಿದೆ. ನಿಜ ಹೇಳಬೇಕೆಂದರೆ, ಕ್ಲಾಸಿನ ನಾಲ್ವರು ಹುಡುಗಿಯರು ಹತ್ತಿರದಲ್ಲಿದ್ದಾಗ ನನ್ನ ದನಿ ಸ್ವಲ್ಪ ಜೋರಾಗುತ್ತಿತ್ತು. ಹಳೆಯ ಪಿಡಿಎಫ್ ಮಾಡುತ್ತಿದ್ದ ಕೆಲಸವನ್ನೇ ಹೊಸ ಪುಸ್ತಕಗಳಿಂದ ಮಾಡಿಸುತ್ತಿದ್ದೆ.

ನನ್ನ ಲ್ಯಾಬ್ ಬ್ಯಾಚಿನಲ್ಲಿರುವ ಹುಡುಗಿ ಒಂದು ದಿನ ಕೇಳಿದಳು: ‘ನೀ ಇಷ್ಟೆಲ್ಲ ಓದೀದಿ ಅಂತಿ. ಮೊದಲನೇ ವರ್ಷದಿಂದ ರೀಡಿಂಗ್ ಬರಿಯೋದು, ರೆಕಾರ್ಡ್ ತಿದ್ದೋದು ನನ್ನ ಕೆಲಸ ಯಾಕಾತು? ಲೇಥ್ ಯಾವಾಗಲೂ ನಿಮ್ಮ ಕೈಯಾಗೇ ಯಾಕದ?’

ಅವಳ ಅಕ್ಷರ ಚೆನ್ನಾಗಿದೆ ಎಂದು ನಾವೇ ಮೊದಲ ದಿನ ನಿರ್ಧರಿಸಿದ್ದೆವು. ಹೊಗಳಿಕೆ ಎಂದುಕೊಂಡಿದ್ದೆವು. ನಾಲ್ಕು ಸೆಮಿಸ್ಟರ್ ಅವಳು ಮಷಿನ್ ಮುಟ್ಟದೆ ಅಂಕಿ ಬರೆದಿದ್ದಳು. ನಾಳೆ ಕಂಪನಿಯ ಸಂದರ್ಶನದಲ್ಲಿ ‘ಯಾವ ಮಷಿನ್ ನಡೆಸಿದ್ದೀರಿ?’ ಎಂದು ಕೇಳಿದರೆ ಅವಳು ಏನು ಹೇಳಬೇಕು? ಮೂರು ಪುಸ್ತಕ ಓದಿದ ನನಗೆ, ಮೂರಡಿ ದೂರದಲ್ಲಿ ನಿಂತವಳ ಕೈ ಖಾಲಿ ಇರುವುದು ಕಂಡಿರಲಿಲ್ಲ. ಈಗ ನಮ್ಮ ಬ್ಯಾಚಿನಲ್ಲಿ ಸರದಿ ಇದೆ. ನನ್ನ ಅಕ್ಷರ ನೋಡಿ ಲ್ಯಾಬಿನ ಸರ್ ಬೈಯುತ್ತಾರೆ.

ಗೆಳೆಯನ ವಿಷಯ ಹೇಳದೆ ಮುಗಿಸಿದರೆ ಮೋಸವಾಗುತ್ತದೆ. ಆ ಹುಡುಗಿ ಬಸ್ಸು ಬಿಟ್ಟಮೇಲೂ ಅವನು ಅವಳ ಇನ್‌ಸ್ಟಾಗ್ರಾಂ ಹುಡುಕುವುದನ್ನು ಬಿಟ್ಟಿರಲಿಲ್ಲ. ಬೇಡ ಎಂದ ಹುಡುಗಿಯನ್ನು ಮತ್ತೆ ಮತ್ತೆ ಹಿಂಬಾಲಿಸುವುದು, ಆನ್‌ಲೈನಿನಲ್ಲಿ ಅವಳ ಮೇಲೆ ಕಣ್ಣಿಡುವುದು ಭಾರತೀಯ ನ್ಯಾಯ ಸಂಹಿತೆಯ 78ನೇ ಸೆಕ್ಷನ್ ಪ್ರಕಾರ ಅಪರಾಧ, ಮೊದಲ ಸಲಕ್ಕೇ ಮೂರು ವರ್ಷದವರೆಗೆ ಜೈಲು ಆಗಬಹುದು ಎಂದು ಅವನಿಗೆ ಹೇಳಿದೆ. ‘ಪತ್ತೆ ಮಾಡಿಕೊಟ್ಟವ ನೀನೇ ಅಲ್ಲೇನಲೇ?’ ಅಂದ. ಅದೂ ನಿಜವೇ. ಅಕ್ಕನ ವಿಷಯ ಅವನಿಗೆ ಹೇಳಲು ಅಂದು ನನಗೆ ಬಾಯಿ ಬರಲಿಲ್ಲ. ಎರಡು ತಿಂಗಳು ಮಾತು ಬಿಟ್ಟಿದ್ದ. ಈಗ ಮಾತಾಡುತ್ತಾನೆ, ಆ ವಿಷಯವೊಂದನ್ನು ಬಿಟ್ಟು.

ಆ ಹುಡುಗಿಯ ಕ್ಷಮೆ ಕೇಳಬೇಕು ಎಂದು ಅಕ್ಕನಿಗೆ ಫೋನಿನಲ್ಲಿ ಹೇಳಿದ್ದೆ. ‘ಕ್ಷಮಾ ಕೇಳಲಾಕ ಮತ್ತ ಅಕೀ ಹಿಂದ ಹೋಗ್ತಿಯೇನು?’ ಎಂದಳು. ಹಾಗಾಗಿ ಅವಳು ಬೇರೆ ಬಸ್ಸಿನಲ್ಲಿ ಹೋಗುತ್ತಿದ್ದಾಳೋ, ಕಾಲೇಜೇ ಬಿಟ್ಟಳೋ ನನಗೆ ಇಂದಿಗೂ ಗೊತ್ತಿಲ್ಲ. ತಿಳಿದುಕೊಳ್ಳುವ ಹಕ್ಕು ನನಗಿಲ್ಲ. ಈ ಗೊತ್ತಿಲ್ಲದಿರುವುದನ್ನು ಇಟ್ಟುಕೊಂಡೇ ದಿನಾ ಆ ಬಸ್ಸು ಹತ್ತುತ್ತೇನೆ. ಶಕ್ತಿ ಯೋಜನೆಯ ಜೋಕು ಈಗಲೂ ಬರುತ್ತದೆ. ಟಿಕೆಟ್ ಪುಕ್ಕಟೆ ಆದರೂ ಆ ಸೀಟಿನಲ್ಲಿ ಕೂರಲು ಅವರು ಏನೇನು ಕೊಡಬೇಕಾಗುತ್ತದೆ ಎಂದು ನನಗೆ ಗೊತ್ತಾಗಿದೆ. ನಗು ಬರುವುದಿಲ್ಲ.

ಗೆಳೆಯರೇ, ಕೆಲಸ ಹುಡುಕುವ, ಪರೀಕ್ಷೆಗೆ ಓದುವ ಈ ದಿನಗಳಲ್ಲಿ ಇಂಥ ಪುಸ್ತಕಕ್ಕೆ ಪುರುಸೊತ್ತು ಎಲ್ಲಿದೆ ಎಂದು ಕೇಳಬಹುದು. ರೀಲ್ಸಿಗೆ ಇರುವ ಪುರುಸೊತ್ತಿನಲ್ಲಿ ಅರ್ಧ ಸಾಕು. ಆದರೆ ಓದಿ ಸ್ಟೇಟಸ್ ಹಾಕುವ ಮೊದಲು ಮನೆಯಲ್ಲಿರುವ ಅಕ್ಕನನ್ನೋ ತಂಗಿಯನ್ನೋ ಒಂದು ಮಾತು ಕೇಳಿ. ಅವರು ಹೇಳುವಾಗ ನಡುವೆ ಬಾಯಿ ಹಾಕಬೇಡಿ.

ಈ ಲೇಖನವನ್ನು ಕಳಿಸುವ ಮುಂಚೆ ಅಕ್ಕನಿಗೆ ಓದಿ ಹೇಳಿದೆ. ‘ನನ್ನ ಹೆಸರು ಹಾಕಬ್ಯಾಡ, ಉಳಿದದ್ದು ಇರಲಿ’ ಎಂದಳು. ದೀಪಾವಳಿಗೆ ಬಂದಾಗ ‘ಬದುಕು’ ಕಾದಂಬರಿಯನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋಗಿದ್ದಾಳೆ. ಹೋಗುವಾಗ, ಮುಕ್ತ ವಿಶ್ವವಿದ್ಯಾಲಯದಲ್ಲಿ ಡಿಗ್ರಿಗೆ ಅರ್ಜಿ ಯಾವಾಗ ಕರೆಯುತ್ತಾರೆ ನೋಡು ಎಂದಿದ್ದಳು. ನೋಡಿ ಹೇಳಿದ್ದೇನೆ. ಗಂಡನ ಮನೆಯಲ್ಲಿ ಇನ್ನೂ ಕೇಳಿಲ್ಲವಂತೆ.